ಗಿಳಿಯ ಗಲಾಟೆಗೆ ಗಿಳಿಯೇ ಮದ್ದು

ಜಗಲಿಯ ಮೂಲೆಯಲ್ಲೊಂದು ತಂತಿಪಂಜರ, ಅದರೊಳಗೆ ಹಸಿರೋ ನೀಲಿಯೋ ಬಣ್ಣದ ಒಂದು ಪುಟ್ಟ ಗಿಳಿ. ಕೊಡಗಿನ ತೋಟದ ಮನೆಗಳಲ್ಲಿ ಇದೇನೂ ಅಪರೂಪದ ನೋಟವಲ್ಲ. ಮಕ್ಕಳ ಹಟಕ್ಕೆ ಪೇಟೆಯಿಂದ ತಂದದ್ದು. ಮೊದಲ ಕೆಲವು ವಾರ ಎಲ್ಲರಿಗೂ ಅದರದೇ ಮುದ್ದು. ನವೆಂಬರ್ ಬಂದು ಅರೇಬಿಕಾ ಕೊಯ್ಲು ಶುರುವಾಯಿತೆಂದರೆ ಮನೆಮಂದಿಯೆಲ್ಲ ತೋಟದಲ್ಲಿ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಹಕ್ಕಿ ಬೆಳಗಿನಿಂದ ಸಂಜೆಯವರೆಗೆ ಒಂಟಿ. ಆಗ ಆರಂಭವಾಗುತ್ತದೆ ಕಿರುಚಾಟ. ಸಾಕಾಗಿ ಮನೆಗೆ ಬಂದವರು ಪಂಜರದ ಮೇಲೆ ಗೋಣಿ ಹೊದಿಸುತ್ತಾರೆ, ಇಲ್ಲವೇ ಗದರುತ್ತಾರೆ.

ಹಕ್ಕಿಗೆ ಇದು ಕೆಟ್ಟ ಚಾಳಿಯಲ್ಲ. ನಾವು 'ಲವ್ ಬರ್ಡ್ಸ್' ಎಂದು ಕರೆದು ಕೊಂಡುತರುವ ಪುಟ್ಟ ಹಕ್ಕಿ ಬಹುತೇಕ ಸಂದರ್ಭಗಳಲ್ಲಿ ಆಸ್ಟ್ರೇಲಿಯದ ಬಜರಿಗರ್. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬಾಲ ಗಿಡ್ಡ, ಕೊಕ್ಕು ದಪ್ಪ, ದನಿ ಇನ್ನೂ ಚೂಪು. ಬಜರಿಗರ್ ತನ್ನ ನಾಡಿನ ಒಣ ಬಯಲಿನಲ್ಲಿ ನೀರು, ಹುಲ್ಲಿನ ಬೀಜಗಳನ್ನು ಹುಡುಕುತ್ತ ಹಿಂಡುಹಿಂಡಾಗಿ ಅಲೆಯುವ ಹಕ್ಕಿ. ಅಂತಹ ಬಯಲಿನಲ್ಲಿ ಗುಂಪು ತಪ್ಪಿದರೆ ಬದುಕಿಲ್ಲ. ಆದುದರಿಂದ ಒಂದು ಕೂಗಿದರೆ ಇನ್ನೊಂದು ಓಗೊಡಬೇಕು. ಪಂಜರದಲ್ಲಿ ಕೂತು ಕೂಗುವುದೂ ಅದೇ ಕರೆ. ಉತ್ತರ ಬಾರದಿದ್ದರೆ ಮತ್ತೆ ಕೂಗುತ್ತದೆ, ಇನ್ನಷ್ಟು ಜೋರಾಗಿ. ಅಂಗೈಯಗಲದ ಹಕ್ಕಿಯ ದನಿ ಕಿವಿಗೆ ಅಷ್ಟು ಚುಚ್ಚುವುದೇಕೆಂದರೆ, ಬಜರಿಗರ್ ಕೂಗಿನ ಸ್ವರ ಸೆಕೆಂಡಿಗೆ ಸುಮಾರು 2,000ದಿಂದ 4,000 ಕಂಪನಗಳ ಮಟ್ಟದ್ದು. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ.

ಈ ಕರೆಯ ಬಗ್ಗೆ ವಿಜ್ಞಾನಿಗಳು ಕಂಡುಕೊಂಡಿರುವ ಸಂಗತಿಗಳು ಸ್ವಾರಸ್ಯವಾಗಿವೆ. ಜೊತೆಗೂಡಿದ ಮೇಲೆ ಗಂಡು ಬಜರಿಗರ್ ತನ್ನ ಹೆಣ್ಣಿನ ಕರೆಯನ್ನೇ ಕಲಿತು ಹಾಗೆಯೇ ಕೂಗತೊಡಗುತ್ತದೆ. ವೆನಿಜುವೆಲಾದ ಒಂದು ಬಗೆಯ ಕಿರುಗಿಳಿಯಲ್ಲಿ ಮರಿಗಳು ತಮ್ಮ ಗುರುತಿನ ಕರೆಯನ್ನು ಗೂಡಿನಲ್ಲೇ ತಂದೆತಾಯಿಯಿಂದ ಕಲಿಯುತ್ತವೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಾವು ತೊಟ್ಟಿಲಲ್ಲಿ ಹೆಸರಿಡುವಂತೆಯೇ ಎನ್ನಬಹುದು! ಆಫ್ರಿಕಾದ ಬೂದು ಗಿಳಿಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಮನಸ್ಸಿಗೆ ನೋವುಂಟುಮಾಡುವಂಥದು. ಜೀವಕೋಶದ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಕಾಪು ಇರುತ್ತದೆ, ವಯಸ್ಸಾದಂತೆ ಅದು ಸವೆಯುತ್ತದೆ. ಒಂಟಿಯಾಗಿ ಸಾಕಿದ ಗಿಳಿಗಳಲ್ಲಿ ಈ ಕಾಪು, ಅದೇ ವಯಸ್ಸಿನ ಜೋಡಿ ಗಿಳಿಗಳಿಗಿಂತ ಹೆಚ್ಚು ಮೊಟಕಾಗಿತ್ತು.

"ಜೋಡಿ ಮಾಡಿದರೆ ಹಕ್ಕಿ ನಮ್ಮನ್ನು ಮರೆಯುತ್ತದೆ, ಮಾತು ಕಲಿಯುವುದಿಲ್ಲ" ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಮಾತು ಕಲಿಯುವುದು ಸ್ವಲ್ಪ ಕಡಿಮೆಯಾಗಬಹುದು, ಅದು ನಿಜ. ಆದರೆ ಅಮೆರಿಕದಲ್ಲಿ ಎಳೆಯ ಅಮೆಜಾನ್ ಗಿಳಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜೊತೆಯಾಗಿದ್ದ ಗಿಳಿಗಳು ಒಂಟಿ ಗಿಳಿಗಳಿಗಿಂತ ಕಡಿಮೆ ಕಿರುಚಿದವು, ಹೆಚ್ಚು ಚಟುವಟಿಕೆಯಿಂದಿದ್ದವು. ಮನುಷ್ಯರ ಮೇಲೆ ಹಗೆಯನ್ನೇನೂ ಬೆಳೆಸಿಕೊಳ್ಳಲಿಲ್ಲ. ಆ ಜೋಡಿಗಳು ಗಂಡುಹೆಣ್ಣಿನವೂ ಅಲ್ಲ, ಒಂದೇ ಲಿಂಗದವು.

ಕನ್ನಡಿ ಕಟ್ಟುವುದು, ರೇಡಿಯೊ ಹಾಕಿಟ್ಟು ಹೋಗುವುದು ಇವೆಲ್ಲ ಅರೆಮದ್ದು. ಗಂಡು ಬಜರಿಗರ್ ಕನ್ನಡಿಯ ಹಕ್ಕಿಗೆ ಗುಟುಕು ಕೊಡಲು ಹೋಗಿ ದಿನವಿಡೀ ಒದ್ದಾಡುತ್ತದೆ. ಹಗಲಿನಲ್ಲಿ ಗೋಣಿ ಹೊದಿಸಿದರೆ ದನಿ ನಿಲ್ಲಬಹುದು, ಕಾರಣ ಹಾಗೇ ಇರುತ್ತದೆ. ರಾತ್ರಿ ಮಾತ್ರ ಹತ್ತು ಹನ್ನೆರಡು ಗಂಟೆ ಕತ್ತಲೆ, ನಿಶ್ಶಬ್ದ ಬೇಕು. ಆಗ ಹೊದಿಕೆ ಸರಿ. ಕಿರುಚಿದಾಗ ಓಡಿಹೋಗಿ ಗದರಿದರೆ 'ಕೂಗಿದರೆ ಇವರು ಬರುತ್ತಾರೆ' ಎಂದು ಹಕ್ಕಿ ಕಲಿಯುತ್ತದೆ. ಅದರ ಬದಲು ಅದು ಮೆಲ್ಲಗೆ ಕರೆದಾಗ ಒಂದು ಸಿಳ್ಳೆಯ ಉತ್ತರ ಕೊಡಿ.

ಸಾಕುವುದೇ ಆದರೆ ಎರಡು ಸಾಕಬೇಕು. ಬಜರಿಗರ್‌ನಲ್ಲಿ ಎರಡು ಗಂಡುಗಳು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ, ಎರಡು ಹೆಣ್ಣುಗಳು ಜಗಳವಾಡುವುದುಂಟು. ಬೆಳೆದ ಗಂಡಿಗೆ ಕೊಕ್ಕಿನ ಮೇಲಿನ ಮೂಗಿನ ಭಾಗ ನೀಲಿ, ಹೆಣ್ಣಿಗೆ ಕಂದು. ಗಂಡುಹೆಣ್ಣು ಇದ್ದರೂ ಗೂಡುಪೆಟ್ಟಿಗೆ ಇಡದಿದ್ದರೆ ಮರಿ ಮಾಡುವುದು ಕಡಿಮೆ. ಹೊಸದನ್ನು ತಂದ ದಿನವೇ ಹಳೆಯದರ ಪಂಜರಕ್ಕೆ ಹಾಕಬೇಡಿ. ಒಂದು ತಿಂಗಳು ಬೇರೆ ಕೋಣೆಯಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಪಂಜರಗಳನ್ನು ಪಕ್ಕಪಕ್ಕ ಇರಿಸಿ, ಆಮೇಲೆ ಕೂಡಿಸುವುದು ಕ್ರಮ. ಲವ್ ಬರ್ಡ್ ಮತ್ತು ಬಜರಿಗರ್ ಒಂದೇ ಪಂಜರದಲ್ಲಿ ಬೇಡ. ಬಜರಿಗರ್‌ನ ಕಾಲ್ಬೆರಳು ಉಳಿಯುವುದಿಲ್ಲ. ಪ್ರಸಂಗ ಬಂದದ್ದರಿಂದ ಹೇಳುವುದು: ನಮ್ಮ ತೋಟದ ಬೆಣ್ಣೆಹಣ್ಣು ಗಿಳಿಗಳಿಗೆ ವಿಷ, ಕಾಫಿಯೂ ಅಷ್ಟೇ. ಮಕ್ಕಳಿಗೆ ಇದನ್ನು ತಿಳಿಸಿಡಿ.

ಕಾನೂನಿನ ಮಾತು ಸ್ವಲ್ಪ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಹಕ್ಕಿಗಳನ್ನು ಕೇಂದ್ರ ಸರ್ಕಾರದ 2024ರ ನಿಯಮಗಳಂತೆ 'ಪರಿವೇಶ್' ಜಾಲತಾಣದಲ್ಲಿ ನೋಂದಾಯಿಸಬೇಕು. ಬಜರಿಗರ್, ಕಾಕಟೀಲ್, ಗುಲಾಬಿ ಮುಖದ ಲವ್ ಬರ್ಡ್ ಆ ಪಟ್ಟಿಯಲ್ಲಿಲ್ಲ. ಕಣ್ಣಿನ ಸುತ್ತ ಬಿಳಿ ಉಂಗುರವಿರುವ ಲವ್ ಬರ್ಡ್‌ಗಳು ಇವೆ.

ನಮ್ಮ ಕಾಡು-ತೋಟಗಳ ಗಿಳಿಗಳ ಮಾತೇ ಬೇರೆ. ಕೆಂಪುಕೊರಳಿನ ಗಿಳಿ, ಕೆಂಪುತಲೆ ಗಿಳಿ, ಪಶ್ಚಿಮಘಟ್ಟದಲ್ಲಲ್ಲದೆ ಬೇರೆಲ್ಲೂ ಇಲ್ಲದ ನೀಲಿರೆಕ್ಕೆ ಗಿಳಿ, ಹಾಲುವಾಣದ ಹೂವಿನ ಮಕರಂದ ಹೀರಿ ರಾತ್ರಿ ಬಾವಲಿಯಂತೆ ತಲೆಕೆಳಗಾಗಿ ಮಲಗುವ ಗುಬ್ಬಿಗಾತ್ರದ ಚಿಟ್ಟುಗಿಳಿ, ಇವುಗಳಲ್ಲಿ ಯಾವುದನ್ನೂ ಹಿಡಿಯುವಂತಿಲ್ಲ, ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮೂರು ವರ್ಷದವರೆಗೆ ಸಜೆ, 2022ರ ತಿದ್ದುಪಡಿಯ ನಂತರ ಒಂದು ಲಕ್ಷ ರೂಪಾಯಿವರೆಗೆ ದಂಡ. ಕಾಯ್ದೆಯ ಭಯ ಒತ್ತಟ್ಟಿಗಿರಲಿ. ಇವುಗಳಿಗೆ ಬೇಕಾದ ಜೊತೆ ಮೇಲಿನ ಸಿಲ್ವರ್ ಓಕ್ ಮರದಲ್ಲೇ ಕೂತು ಕೂಗುತ್ತಿರುತ್ತದೆ. ಕೆಳಗಿನ ಪಂಜರದಿಂದ ಇದು ಉತ್ತರ ಕೊಡುತ್ತಿರುತ್ತದೆ. ದಿನಾ ಅದನ್ನು ಕೇಳಿಸಿಕೊಂಡು ಕಾಫಿ ಕುಡಿಯುವುದು ಹೇಗೋ ನಮಗೆ ಅರ್ಥವಾಗುವುದಿಲ್ಲ. ಯಾರ ಮನೆಯಲ್ಲಾದರೂ ಅಂಥದೊಂದು ಇದ್ದರೆ ಬಾಗಿಲು ತೆರೆದು ಹಾರಿಬಿಡುವುದೂ ತಪ್ಪು. ರೆಕ್ಕೆಯ ಬಲವಿಲ್ಲದೆ, ಆಹಾರ ಹುಡುಕಲು ತಿಳಿಯದೆ ಅದು ಸಾಯುತ್ತದೆ. ಅರಣ್ಯ ಇಲಾಖೆಯ ವಲಯ ಕಚೇರಿಗೆ ಒಪ್ಪಿಸಿ.

ನೀಲಿರೆಕ್ಕೆ ಗಿಳಿ ಮರಿ ಮಾಡುವುದು ಜನವರಿಯಿಂದ ಮಾರ್ಚ್‌ವರೆಗೆ, ಎತ್ತರದ ಮರದ ಪೊಟರೆಗಳಲ್ಲಿ. ಮರಕುಟಿಗ, ಕುಟ್ರುಹಕ್ಕಿಗಳು ಬಿಟ್ಟುಹೋದ ತೂತುಗಳೂ ಆಗುತ್ತವೆ. ಕೆಲಸದವರು ಮರಿ ಇಳಿಸಿ ಮಾರುವುದು ಇದೇ ಸಮಯದಲ್ಲಿ, ಹೇಳಿ ತಡೆಯಬೇಕು. ತೋಟದಲ್ಲಿ ಪೊಟರೆಯಿರುವ ಒಣಮರ ಕಡಿಸುವುದಿದ್ದರೆ ಮರಿಗಳು ಹಾರಿಹೋಗುವ ತನಕ, ಏಪ್ರಿಲ್ ಮುಗಿಯುವವರೆಗಾದರೂ ಕಾಯಬಹುದು. ಹೇಗೂ ನೆರಳು ಕಡಿಯುವ ಕೆಲಸ ಆಮೇಲೇ ತಾನೇ.