ಜೇನಿನ ಸಂಕೇತವೂ ಯಂತ್ರದ ಅರಿವೂ

ಹನೂರು ತಾಲ್ಲೂಕಿನ ಬಂಡಳ್ಳಿಯ ಸೀಮೆ, ಮಾದೇಶ್ವರನ ಬೆಟ್ಟ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟ ಇವುಗಳ ಸುತ್ತಣ ನಾಡಿನಲ್ಲಿ ಜೇನಿಗೆ ಒಂದೇ ಹೆಸರಿಲ್ಲ. ಕಡಿದಾದ ಬಂಡೆಯಲ್ಲಿಯೋ ಎತ್ತರದ ಮರದಲ್ಲಿಯೋ ಒಂದೇ ದೊಡ್ಡ ಎರಿಯನ್ನು ಕಟ್ಟುವುದು ಹೆಜ್ಜೇನು. ಪೊಟರೆಯೊಳಗೆ ಹಲವು ಎರಿಗಳನ್ನು ಸಾಲಾಗಿ ಕಟ್ಟುವುದು ತುಡುವೆ. ಪೊದೆಯ ಕಡ್ಡಿಗೆ ಚಿಕ್ಕದೊಂದು ಎರಿಯನ್ನು ಕಟ್ಟುವುದು ಕೋಲುಜೇನು. ಜೇನು ಕೀಳುವ ಸೋಲಿಗರು ಈ ಭೇದಗಳನ್ನು ವಂಶಪಾರಂಪರ್ಯವಾಗಿ ಬಲ್ಲರು. ಈ ಜೇನುಗಳ ವಾರ್ತಾವಿನಿಮಯವು ಜೀವಶಾಸ್ತ್ರ, ಗಣಕಶಾಸ್ತ್ರ, ಯಂತ್ರಶಾಸ್ತ್ರ ಮೂರನ್ನೂ ಹೇಗೆ ಒಂದುಗೂಡಿಸಿತೆಂಬುದನ್ನೂ, ಅದರಿಂದ ಭಾಷಾಭ್ಯಾಸಿಗಳು ಗ್ರಹಿಸತಕ್ಕ ಅಂಶವೇನೆಂಬುದನ್ನೂ ಇಲ್ಲಿ ವಿಚಾರಿಸೋಣ.

ಮೇವನ್ನು ಕಂಡು ಮರಳಿದ ಜೇನು ಎರಿಯ ಮೇಲೆ ಮೈಯನ್ನು ಅಲುಗಿಸುತ್ತ ನೇರವಾಗಿ ಸ್ವಲ್ಪ ನಡೆದು, ಸುತ್ತಿ ಬಂದು, ಮತ್ತೆ ಹಾಗೆಯೇ ನಡೆಯುವುದು. ಇದರ ಅರ್ಥವನ್ನು 1940ರ ದಶಕದಲ್ಲಿ ಬಿಡಿಸಿದವರು ಕಾರ್ಲ್ ಫಾನ್ ಫ್ರಿಷ್. ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ತೂಗುವ ಎರಿಯಲ್ಲಿ ಮೇಲ್ಮುಖದ ನಡೆಯೆಂದರೆ ಸೂರ್ಯನಿರುವ ದಿಕ್ಕು. ಅದರಿಂದ ಎಷ್ಟು ಓರೆಯೋ ಮೇವೂ ಸೂರ್ಯನಿಂದ ಅಷ್ಟೇ ಓರೆ. ಅಲುಗಾಟವು ದೀರ್ಘವಾದಷ್ಟೂ ದೂರ ಹೆಚ್ಚು. ಕೋಲುಜೇನಾದರೋ ಕಡ್ಡಿಯನ್ನು ಅಪ್ಪಿದ ಎರಿಯ ನೆತ್ತಿಯ ಮೇಲೆ ಕುಣಿದು ಮೇವಿನ ದಿಕ್ಕನ್ನೇ ನೇರವಾಗಿ ತೋರುವುದು. ದೂರದ ಅಳತೆಯೂ ಎಲ್ಲಕ್ಕೂ ಒಂದೇ ಅಲ್ಲ. ದಕ್ಷಿಣ ಭಾರತದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಗಳ ಪ್ರಕಾರ, ಒಂದೇ ದೂರವನ್ನು ತಿಳಿಸಲು ತುಡುವೆಯು ಹೆಚ್ಚು ಹೊತ್ತು ಅಲುಗುವುದು, ಹೆಜ್ಜೇನು ಕಡಮೆ; ಕೋಲುಜೇನು ನಡುವಣದು. ಬಹುದೂರ ಹೋಗುವುದಕ್ಕೆ ಮಾತು ಚಿಕ್ಕದಾಗಿದೆ.

ಹಾಗಾದರೆ ಜೇನು ದೂರವನ್ನು ಅಳೆಯುವುದು ಹೇಗೆ? ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಶಾಸ್ತ್ರವನ್ನು ಓದಿ ಆಸ್ಟ್ರೇಲಿಯದಲ್ಲಿ ಕೆಲಸ ಮಾಡಿದ ಎಂ. ವಿ. ಶ್ರೀನಿವಾಸನ್‌ ಅವರೂ ಸಹೋದ್ಯೋಗಿಗಳೂ 2000ದಲ್ಲಿ ಇದಕ್ಕೆ ಉತ್ತರವಿತ್ತರು. ಒಳಮೈಯಲ್ಲಿ ಚಿತ್ತಾರವಿದ್ದ, 6.4 ಮೀಟರು ಉದ್ದದ ಇಕ್ಕಟ್ಟಾದ ಸುರಂಗದಲ್ಲಿ ಹಾರಿಬಂದ ಜೇನು, ತಾನು ಸುಮಾರು 200 ಮೀಟರು ಹೋದಂತೆ ಕುಣಿಯಿತು. ಗೋಡೆಗಳು ಹತ್ತಿರವಿದ್ದುದರಿಂದ ಚಿತ್ತಾರವು ಕಣ್ಣ ಮುಂದೆ ಬಹು ವೇಗವಾಗಿ ಸರಿದಿತ್ತು. ಜೇನು ಎಣಿಸುವುದು ಈ ಸರಿತವನ್ನೇ. ಎರಡು ಪಕ್ಕದ ಸರಿತವನ್ನು ಸಮನಾಗಿಟ್ಟುಕೊಂಡು ಅದು ಹಾದಿಯ ನಡುವೆ ಹಾರುವುದು. ಸರಿತದ ವೇಗವನ್ನು ಒಂದೇ ಸಮನಾಗಿಟ್ಟು ಮೆಲ್ಲನೆ ನೆಲಕ್ಕಿಳಿಯುವುದು. ಈ ಸೂತ್ರಗಳನ್ನೇ ಚಲಿಸುವ ಯಂತ್ರಮಾನವರಿಗೂ ಚಾಲಕನಿಲ್ಲದ ಸಣ್ಣ ವಿಮಾನಗಳಿಗೂ ಅಳವಡಿಸಲಾಯಿತು.

ಗಣಕಗಳ ಕಡೆಗೂ ಈ ಪಾಠವು ಹರಿಯಿತು. 2004ರಲ್ಲಿ ನಕ್ರಾಣಿ ಮತ್ತು ಟೋವಿ ಎಂಬವರು, ಅಂತರ್ಜಾಲದ ಬೇಡಿಕೆಗಳನ್ನು ಪೂರೈಸುವ ಗಣಕಗಳನ್ನು ಮೇವಿಗೆ ಹೋಗುವ ಜೇನುಗಳಂತೆ ಹಂಚುವ ವಿಧಾನವೊಂದನ್ನು ಸೂಚಿಸಿದರು. ಲಾಭವುಳ್ಳ ಕೆಲಸವನ್ನು ಕಂಡ ಗಣಕವು ಸಾಮಾನ್ಯ ಫಲಕದಲ್ಲಿ ಅದನ್ನು ಸಾರುವುದು. ಇತರ ಗಣಕಗಳು ಅದನ್ನೋದಿ ಅತ್ತ ತಿರುಗುವುವು. ಎಲ್ಲವನ್ನೂ ಬಲ್ಲ ಒಡೆಯನೊಬ್ಬನು ಅಲ್ಲಿ ಬೇಕಿಲ್ಲ.

ಇದನ್ನು ‘ಭಾಷೆ’ ಎನ್ನಬಹುದೆ? ರೂಪಕವಾಗಿ ಎನ್ನಬಹುದು, ಆದರೆ ಜೇನು ಪ್ರಶ್ನೆಯನ್ನು ಕೇಳಲಾರದು, ಕಥೆಯನ್ನು ಹೇಳಲಾರದು. ಆದರೂ ಮಾತಿನ ಒಂದು ಲಕ್ಷಣವು ಇಲ್ಲಿ ಸ್ಪಷ್ಟವಾಗಿದೆ. 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸುರಂಗದಿಂದ ಬಂದ ಜೇನಿನ ಕುಣಿತವನ್ನು ನಂಬಿದ ಇತರ ಜೇನುಗಳು ಬಯಲಿನಲ್ಲಿ ಬಹುದೂರ ಹೋಗಿ ಮೇವನ್ನು ಹುಡುಕಿದುವು. ಹೇಳಿದುದು ಸುಳ್ಳಲ್ಲ, ಕೇಳಿದವು ಆ ಹಾದಿಯಲ್ಲಿ ಹೋದವಲ್ಲ, ಅಷ್ಟೆ. ಸಂಕೇತವು ದೂರವನ್ನಲ್ಲ, ಅನುಭವವನ್ನು ಹೇಳುವುದು.

ನಮ್ಮ ಪದಸಂಗ್ರಹಕ್ಕೂ ಈ ಮಾತು ಸಲ್ಲುವುದು. ತುಡುವೆಗೆ ‘ಒಂದು ಬಗೆಯ ಜೇನು’ ಎಂದಷ್ಟೇ ಅರ್ಥ ಬರೆದರೆ, ಪೊಟರೆ, ಎರಿಗಳ ಸಾಲು, ಕೀಳುವ ಕ್ರಮ ಇವೆಲ್ಲ ಬಿಟ್ಟುಹೋಗಿ, ಓದುವವನು ಬಯಲಿನಲ್ಲಿ ಅಲೆಯುವನು. ಆದ್ದರಿಂದ ಕಾಡಿನ ಹೆಸರುಗಳನ್ನು ಸಂಗ್ರಹಿಸುವವರು, ಅವನ್ನು ಬಳಸುವವರ ಜೊತೆಯಲ್ಲಿ ಆ ಹಾದಿಯನ್ನು ನಡೆದು, ಹೆಸರಿನೊಡನೆ ಅನುಭವವನ್ನೂ ಬರೆದಿಡುವುದು ಅವಶ್ಯಕವಾದ ಕೆಲಸವಾಗಿದೆ.