ದಾಖಲೆಯ ಉಳಿವು ಮತ್ತು ಡಿಸ್ಕ್ ಡ್ರೈವರ್‌ನ ವಿನ್ಯಾಸ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅವರು ಬೆಳಕಿಗೆ ತಂದ ಶಿಲಾಶಾಸನವು, ‘ದೇವಾನಾಂಪ್ರಿಯ’ನೆಂಬ ಬಿರುದಿನ ಅರಸನು ಅಶೋಕನೇ ಎಂಬುದನ್ನು ಸ್ಥಿರಪಡಿಸಿತು. ಆ ಬಂಡೆಯ ಕೆಲವು ಅಕ್ಷರಗಳು ಕಾಲಾಂತರದಲ್ಲಿ ಸವೆದಿವೆಯಾದರೂ, ಉಳಿ ತಾಗಿದ ಕ್ಷಣದಲ್ಲೇ ಅವು ಕಲ್ಲಿನಲ್ಲಿ ನೆಲೆಗೊಂಡಿದ್ದವು. ಕಂಪ್ಯೂಟರಿನ ಡಿಸ್ಕಿನಲ್ಲಿ ಹಾಗಲ್ಲ; ಅಲ್ಲಿ ಬರೆಯುವುದು ಬೇರೆ, ನೆಲೆಗೊಳ್ಳುವುದು ಬೇರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಪದಗಳಾಗಲಿ, ಸಿಂಧನೂರು, ಮಸ್ಕಿ ಪರಿಸರದ ತತ್ವಪದ, ಸೋಬಾನೆ ಪದಗಳಾಗಲಿ, ಧ್ವನಿಮುದ್ರಣಗೊಂಡ ಮೇಲೆ ಕಡತಗಳಾಗಿ ಡಿಸ್ಕನ್ನೇ ಸೇರುತ್ತವೆ. ಆದ್ದರಿಂದ ಈ ಎರಡು ಕ್ರಿಯೆಗಳ ನಡುವಿನ ಅಂತರವನ್ನು ಕಾಯುವ ಡ್ರೈವರ್‌ನ ವಿನ್ಯಾಸವನ್ನು ಅರಿಯುವುದು ಜಾನಪದ ಸಂಗ್ರಾಹಕರಿಗೂ ಅಗತ್ಯವಾಗಿದೆ.

ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಕರ್ನಲ್ ಎನ್ನುತ್ತಾರೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅಂತಹದೊಂದು ಕರ್ನಲ್. ಕರ್ನಲ್ಲಿನ ಬೇಡಿಕೆಯನ್ನು ಡಿಸ್ಕಿಗೆ ತಿಳಿಯುವ ಆಜ್ಞೆಯಾಗಿ ಮಾರ್ಪಡಿಸಿ, ಫಲಿತಾಂಶವನ್ನು ಹಿಂದಕ್ಕೆ ತಲುಪಿಸುವ ತಂತ್ರಾಂಶವೇ ಡ್ರೈವರ್.

ಉತ್ತರ ಕರ್ನಾಟಕದ ಬಯಲುನಾಡಿನಲ್ಲಿ ಜೋಳವನ್ನು ಕೂಡಿಡುತ್ತಿದ್ದ ಹಗೇವನ್ನು ಇಲ್ಲಿ ನೆನೆಯಬಹುದು. ಜೋಳ ಬೇಕೆಂದು ಹೇಳುವವನು ಮನೆಯ ಯಜಮಾನ. ಬಾಯಿಗೆ ಮುಚ್ಚಿದ ಕಲ್ಲನ್ನು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಅನಂತರ ಇಳಿಯುವ ಕ್ರಮವನ್ನು ಬಲ್ಲವನು ಆಳು. ಡ್ರೈವರ್ ಕೂಡ ಸಾಧನವು ಸಿದ್ಧವಾಗಿದೆಯೇ ಎಂದು ಪರಿಶೀಲಿಸದೆ ಆಜ್ಞೆ ನೀಡಬಾರದು.

ಡ್ರೈವರ್‌ಗೆ ಕಡತದ ಹೆಸರು ತಿಳಿಯದು. ಹೆಸರನ್ನು ಸ್ಥಾನಸಂಖ್ಯೆಗೆ ಹೊಂದಿಸುವುದು ಕಡತವ್ಯವಸ್ಥೆಯ ಕೆಲಸ. ಡಿಸ್ಕು ಸಾಮಾನ್ಯವಾಗಿ 512 ಅಥವಾ 4096 ಬೈಟ್‌ಗಳ ಖಂಡಗಳಾಗಿ ವಿಭಜನೆಗೊಂಡಿದ್ದು, ಇಂತಹ ಖಂಡದಿಂದ ಇಷ್ಟು ಖಂಡಗಳನ್ನು ಓದು ಅಥವಾ ಬರೆ ಎಂಬಷ್ಟೇ ಬೇಡಿಕೆ ಡ್ರೈವರ್‌ಗೆ ಬರುತ್ತದೆ. ತಿರುಗುವ ತಟ್ಟೆಯ ಡಿಸ್ಕಿನಲ್ಲಿ ಓದುಮುಳ್ಳು ಅತ್ತಿತ್ತ ಅಲೆಯುವುದನ್ನು ತಗ್ಗಿಸಲು ಕರ್ನಲ್ ಈ ಬೇಡಿಕೆಗಳನ್ನು ಸ್ಥಾನಕ್ರಮದಲ್ಲಿ ಜೋಡಿಸುವುದುಂಟು. ದತ್ತಾಂಶವನ್ನು ಸಾಧನವೇ ನೇರವಾಗಿ ಸ್ಮೃತಿಯಿಂದ ಎತ್ತಿಕೊಳ್ಳುತ್ತದೆ. ಕೆಲಸ ಮುಗಿದೊಡನೆ ‘ಇಂಟರಪ್ಟ್’ ಎಂಬ ಸಂಕೇತವನ್ನು ಕಳುಹಿಸುತ್ತದೆ. ನಿಗದಿತ ಅವಧಿಯಲ್ಲಿ ಸಂಕೇತ ಬಾರದಿದ್ದರೆ ಡ್ರೈವರ್ ಸಾಧನವನ್ನು ಪುನಃ ಸಜ್ಜುಗೊಳಿಸಿ ಮತ್ತೆ ಯತ್ನಿಸಬೇಕು. ಅದೂ ವಿಫಲವಾದರೆ ದೋಷವನ್ನು ಮರೆಮಾಚದೆ ಕರ್ನಲ್ಲಿಗೆ ವರದಿ ಮಾಡಬೇಕು.

ವಿನ್ಯಾಸದ ನಿಜವಾದ ಪರೀಕ್ಷೆ ಇರುವುದು ಮುಂದಿನ ಹಂತದಲ್ಲಿ. ವೇಗಕ್ಕಾಗಿ ಡಿಸ್ಕುಗಳು ಬಂದ ದತ್ತಾಂಶವನ್ನು ಮೊದಲು ತಮ್ಮ ತಾತ್ಕಾಲಿಕ ಸ್ಮೃತಿಯಲ್ಲಿ ಇರಿಸಿಕೊಂಡು, ಆಗಲೇ ‘ಮುಗಿಯಿತು’ ಎಂದು ಉತ್ತರಿಸುತ್ತವೆ. ಇದು ಜೋಳವನ್ನು ಹಗೇವಿನ ಬಾಯ ಬಳಿ ಸುರಿದು, ತುಂಬಿಯಾಯಿತು ಎಂದಂತೆ. ಆ ಹೊತ್ತಿಗೆ ವಿದ್ಯುತ್ ಹೋದರೆ, ರಕ್ಷಣಾ ವ್ಯವಸ್ಥೆಯಿಲ್ಲದ ಡಿಸ್ಕಿನಲ್ಲಿ ಆ ದತ್ತಾಂಶ ಅಳಿದುಹೋಗುತ್ತದೆ. ಇದನ್ನು ತಡೆಯಲೆಂದೇ ‘ಫ್ಲಶ್’ ಎಂಬ ಆಜ್ಞೆಯಿದೆ. ತಾತ್ಕಾಲಿಕ ಸ್ಮೃತಿಯಲ್ಲಿರುವುದೆಲ್ಲವೂ ಶಾಶ್ವತ ಮಾಧ್ಯಮವನ್ನು ಸೇರುವವರೆಗೆ ಅದಕ್ಕೆ ಉತ್ತರ ಬರಬಾರದು. ಕಡತವ್ಯವಸ್ಥೆಯು ಕೇಳಿದಾಗ ಡ್ರೈವರ್ ಈ ಆಜ್ಞೆಯನ್ನು ತಪ್ಪದೆ ಸಾಧನಕ್ಕೆ ತಲುಪಿಸಬೇಕು. ಸಾಧನದ ಉತ್ತರ ಬರುವ ಮುನ್ನ ತಾನೇ ‘ಆಯಿತು’ ಎನ್ನಬಾರದು. ಹಾಗೆ ಹೇಳುವ ಡ್ರೈವರ್ ವೇಗವಾಗಿ ಕಾಣಬಹುದು, ಆದರೆ ನಂಬಿಕೆಗೆ ಅರ್ಹವಲ್ಲ.

ಕ್ಷೇತ್ರಕಾರ್ಯದ ದೃಷ್ಟಿಯಿಂದ ಇದರ ಪರಿಣಾಮ ಗಂಭೀರವಾದುದು. ವಯೋವೃದ್ಧ ಹಾಡುಗಾರ್ತಿಯೊಬ್ಬಳ ಪದವನ್ನು ಮತ್ತೊಮ್ಮೆ ದಾಖಲಿಸುವ ಅವಕಾಶ ದೊರೆಯದೆಯೂ ಹೋಗಬಹುದು. ಆದುದರಿಂದ ನಕಲು ಮುಗಿದ ಸೂಚನೆ ತೆರೆಯ ಮೇಲೆ ಮೂಡಿದೊಡನೆ ಡಿಸ್ಕನ್ನು ಕಿತ್ತುಕೊಳ್ಳದೆ, ಸುರಕ್ಷಿತವಾಗಿ ಬೇರ್ಪಡಿಸುವ ಆಜ್ಞೆ ನೀಡಿ ಕಾಯಬೇಕು. ಮತ್ತೊಂದು ಡಿಸ್ಕಿನಲ್ಲಿ ಪ್ರತಿಯನ್ನಿರಿಸಿ, ಎರಡನ್ನೂ ತಾಳೆನೋಡಿದ ಬಳಿಕವೇ ಮುದ್ರಣಯಂತ್ರದಲ್ಲಿನ ಮೂಲವನ್ನು ಅಳಿಸಬೇಕು. ಡ್ರೈವರ್ ಎಷ್ಟೇ ಪ್ರಾಮಾಣಿಕವಾಗಿದ್ದರೂ ಕೆಟ್ಟುಹೋದ ಡಿಸ್ಕನ್ನು ಅದು ಉಳಿಸಲಾರದು. ಆ ಹೊಣೆ ಸಂಗ್ರಾಹಕರದೇ.