ಬಾಡಿಗೆದಾರರು ದೀರ್ಘಕಾಲ ಕಾಣದಿದ್ದಲ್ಲಿ ಮನೆ ಮಾಲೀಕರು ಅನುಸರಿಸಬೇಕಾದ ಕ್ರಮ

ಬಾಡಿಗೆಗೆ ಕೊಟ್ಟ ಮನೆಗೆ ಎರಡು ಮೂರು ತಿಂಗಳಿನಿಂದ ಬೀಗ ಬಿದ್ದಿದೆ, ಬಾಡಿಗೆ ಬಂದಿಲ್ಲ, ದೂರವಾಣಿ ಕರೆಗೂ ಉತ್ತರವಿಲ್ಲ. ಇಂತಹ ಸಂದರ್ಭದಲ್ಲಿ ಬೀಗ ಒಡೆದು ಮನೆಯನ್ನು ಬೇರೆಯವರಿಗೆ ಕೊಡಬಹುದೇ ಎಂಬುದು ಮಾಲೀಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಹಾಗೆ ಮಾಡಲು ಅವಕಾಶವಿಲ್ಲ. ಬಾಡಿಗೆದಾರರು ಮನೆಯಲ್ಲಿ ಇಲ್ಲದಿರುವುದು ಬೇರೆ, ಮನೆಯನ್ನು ಬಿಟ್ಟುಕೊಟ್ಟಿರುವುದು ಬೇರೆ. ಅವರ ಬೀಗ ಬಾಗಿಲಲ್ಲಿ, ಅವರ ಸಾಮಾನು ಒಳಗೆ ಇರುವವರೆಗೆ ಸ್ವಾಧೀನವೂ ಸಾಮಾನ್ಯವಾಗಿ ಅವರದ್ದೇ ಆಗಿರುತ್ತದೆ.

ಮೊದಲು ವಿಚಾರಣೆ

ಬಾಡಿಗೆ ಕರಾರು ಪತ್ರದಲ್ಲಿರುವ ಕಾಯಂ ವಿಳಾಸ, ಕೆಲಸದ ಸ್ಥಳ ಹಾಗೂ ಸಾಕ್ಷಿಗಳ ಮೂಲಕ ವಿಚಾರಿಸತಕ್ಕದ್ದು. ಅಕ್ಕಪಕ್ಕದವರನ್ನು ಕೇಳಿ, ವಿದ್ಯುತ್ ಮೀಟರಿನ ಅಂಕಿ ತಿಂಗಳಿಂದ ತಿಂಗಳಿಗೆ ಬದಲಾಗಿದೆಯೇ ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಊರಿಗೆ ಹೋದವರು ಅಪಘಾತಕ್ಕೀಡಾಗಿ ಆಸ್ಪತ್ರೆಯಲ್ಲಿರಬಹುದು. ಹಿರಿಯರ ಶುಶ್ರೂಷೆಗಾಗಿ ಉಳಿದಿರಬಹುದು. ಬಾಡಿಗೆದಾರರು ಹೊರಗಿದ್ದು ಅವರ ಪತ್ನಿ ಅಥವಾ ಮಕ್ಕಳು ವಾಸವಾಗಿದ್ದರೆ ಗೈರುಹಾಜರಿಯ ಪ್ರಶ್ನೆಯೇ ಬರುವುದಿಲ್ಲ. ಭೋಗ್ಯಕ್ಕೆ ಕೊಟ್ಟ ಮನೆಗಳಲ್ಲಿ ತಿಂಗಳ ಬಾಡಿಗೆಯೇ ಇಲ್ಲದಿರುವುದರಿಂದ, ಹಣ ಬಾರದಿರುವುದು ಯಾವುದರ ಸೂಚನೆಯೂ ಅಲ್ಲ.

ಒಂಟಿಯಾಗಿ ವಾಸಿಸುವ ವೃದ್ಧರು ಅಥವಾ ರೋಗಿಗಳು ಹಠಾತ್ತನೆ ಕಾಣದಿದ್ದಲ್ಲಿ, ಒಳಗಿನಿಂದ ಚಿಲಕ ಹಾಕಿದ್ದಲ್ಲಿ ಅಥವಾ ದುರ್ವಾಸನೆ ಬಂದಲ್ಲಿ ನೋಟಿಸಿನ ಮಾತು ನಂತರದ್ದು. ಕೂಡಲೇ 112 ಸಂಖ್ಯೆಗೆ ಕರೆ ಮಾಡಿ, ಪೊಲೀಸರ ಸಮಕ್ಷಮದಲ್ಲಿಯೇ ಬಾಗಿಲು ತೆರೆಸತಕ್ಕದ್ದು. ನೀರಿನ ಕೊಳವೆ ಒಡೆದು ಕೆಳಮನೆಗೆ ನೀರು ಇಳಿಯುತ್ತಿರುವಂತಹ ತುರ್ತಿನಲ್ಲಿಯೂ ಪೊಲೀಸರಿಗೆ ತಿಳಿಸಿ, ನೆರೆಯವರನ್ನು ಸಾಕ್ಷಿಯಾಗಿರಿಸಿಕೊಂಡು, ದುರಸ್ತಿಗೆ ಬೇಕಾದಷ್ಟು ಮಾತ್ರ ಒಳಹೋಗಿ, ಛಾಯಾಚಿತ್ರ ತೆಗೆದು ಮತ್ತೆ ಬೀಗ ಹಾಕಬೇಕು. ಇದನ್ನು ಮನೆ ವಶಕ್ಕೆ ಪಡೆಯುವ ಅವಕಾಶವೆಂದು ಭಾವಿಸಬಾರದು.

ಬೀಗ ಒಡೆದಲ್ಲಿ ಆಗುವ ತೊಂದರೆ

ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಪ್ರಕರಣದಂತೆ, ಕಾನೂನು ಕ್ರಮವಿಲ್ಲದೆ ಸ್ವಾಧೀನ ಕಳೆದುಕೊಂಡವರು 6 ತಿಂಗಳೊಳಗೆ ದಾವೆ ಹೂಡಿ ಅದನ್ನು ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆ ತನ್ನದೆಂಬ ಮಾಲೀಕರ ವಾದ ನೆರವಿಗೆ ಬರುವುದಿಲ್ಲ. ಅಷ್ಟರಲ್ಲಿ ಹೊಸ ಬಾಡಿಗೆದಾರರು ಮುಂಗಡ ಕೊಟ್ಟು ಸೇರಿಕೊಂಡಿದ್ದರೆ ಮಾಲೀಕರು ಇಬ್ಬರಿಗೂ ಉತ್ತರ ಹೇಳಬೇಕಾಗುತ್ತದೆ. ಇದಲ್ಲದೆ ಭಾರತೀಯ ನ್ಯಾಯ ಸಂಹಿತೆ, 2023ರ 329ನೇ ಪ್ರಕರಣದಡಿ ಗೃಹ ಅತಿಕ್ರಮ ಪ್ರವೇಶದ ದೂರು ಬರಬಹುದು. ಒಳಗೆ ಚಿನ್ನ, ನಗದು ಇತ್ತೆಂದು ಬಾಡಿಗೆದಾರರು ಹೇಳಿದಲ್ಲಿ, ಇರಲಿಲ್ಲವೆಂದು ತೋರಿಸುವುದು ಒಬ್ಬರೇ ಬೀಗ ತೆಗೆದ ಮಾಲೀಕರಿಗೆ ಬಹಳ ಕಷ್ಟ. ಬೀಗದ ಮೇಲೆ ಇನ್ನೊಂದು ಬೀಗ ಹಾಕುವುದು, ನೀರು ಅಥವಾ ವಿದ್ಯುತ್ ಕಡಿತಗೊಳಿಸುವುದು ಸಹ ಸಲ್ಲದು.

ನೋಟಿಸು

ಮನೆಗೆ ಅನ್ವಯಿಸುವ ಕಾನೂನು ಯಾವುದೆಂದು ಮೊದಲು ತಿಳಿಯಬೇಕು. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಕಡಿಮೆ ಬಾಡಿಗೆಯ ಕಟ್ಟಡಗಳಿಗೆ ಮಾತ್ರ ಸೀಮಿತವಾಗಿದೆ. ಅದರ ಮೊದಲನೆಯ ಅನುಸೂಚಿಯ ‘ಎ’ ಭಾಗದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂ., ಉಳಿದೆಡೆ 2,000 ರೂ. ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಅದು ಅನ್ವಯಿಸುವ ಕಡೆ, ಬೇಡಿಕೆ ನೋಟಿಸು ಕೊಟ್ಟು 2 ತಿಂಗಳಾದರೂ ಬಾಕಿ ತೀರಿಸದಿರುವುದು ಹಾಗೂ ಅರ್ಜಿಗೆ ಮುಂಚಿನ 6 ತಿಂಗಳು ಬಾಡಿಗೆದಾರರಾಗಲಿ ಕುಟುಂಬದವರಾಗಲಿ ವಾಸಿಸದಿರುವುದು 27ನೇ ಪ್ರಕರಣದ ಪ್ರಕಾರ ಪ್ರತ್ಯೇಕ ಕಾರಣಗಳು.

ಇಂದು ನಗರಗಳ ಬಹುಪಾಲು ಮನೆಗಳಿಗೆ ಅನ್ವಯಿಸುವುದು ಸ್ವತ್ತು ವರ್ಗಾವಣೆ ಅಧಿನಿಯಮ, 1882. ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 106ನೇ ಪ್ರಕರಣದಂತೆ 15 ದಿನಗಳ ಲಿಖಿತ, ಸಹಿಯುಳ್ಳ ನೋಟಿಸು ಬೇಕು. ಅದು ತಲುಪಿದ ದಿನದಿಂದ ಅವಧಿ ಎಣಿಕೆಯಾಗುತ್ತದೆ. ಕರಾರಿನ 11 ತಿಂಗಳು ಇನ್ನೂ ಮುಗಿದಿರದಿದ್ದರೆ ಕರಾರಿನ ಷರತ್ತುಗಳನ್ನೇ ನೋಡಬೇಕು. ನೋಟಿಸನ್ನು ಅಂಚೆಯಲ್ಲಿ ಕಳುಹಿಸಬಹುದು, ಕುಟುಂಬದವರ ಅಥವಾ ಸೇವಕರ ಕೈಗೆ ಅವರ ನಿವಾಸದಲ್ಲಿ ಕೊಡಬಹುದು. ಹಾಗೆ ಕೊಡುವುದು ಸಾಧ್ಯವಾಗದಿದ್ದಲ್ಲಿ ಮನೆಯ ಎದ್ದುಕಾಣುವ ಭಾಗಕ್ಕೆ ಅಂಟಿಸಬಹುದು. ಬೀಗ ಬಿದ್ದ ಮನೆಯ ಮಾಲೀಕರಿಗೆ ಈ ಕೊನೆಯ ಅವಕಾಶವೇ ಮುಖ್ಯ. ಆದರೂ ಅದೊಂದನ್ನೇ ನೆಚ್ಚದೆ, ಬಾಡಿಗೆ ಮನೆ ಹಾಗೂ ಕಾಯಂ ವಿಳಾಸ ಎರಡಕ್ಕೂ ಅಂಚೆ ಕಳುಹಿಸಿ, ಅಂಟಿಸಿದ ನೋಟಿಸಿನ ಛಾಯಾಚಿತ್ರವನ್ನು ದಿನಾಂಕ ಕಾಣುವಂತೆ ತೆಗೆದು, ಇಬ್ಬರು ಸಾಕ್ಷಿಗಳ ಸಹಿ ಪಡೆಯುವುದು ಸೂಕ್ತ. ನೋಂದಾಯಿತ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟ್ ಸೇವೆಯೊಂದಿಗೆ ವಿಲೀನಗೊಂಡಿದೆ. ಅಂಚೆ ಕಛೇರಿಯಲ್ಲಿ ನೋಂದಣಿ ಸೌಲಭ್ಯವನ್ನು ಕೇಳಿ ಪಡೆಯಬೇಕು. ‘ಬಾಗಿಲು ಬೀಗ’ ಎಂಬ ಷರಾದೊಂದಿಗೆ ಮರಳಿದ ಲಕೋಟೆಯನ್ನು ತೆರೆಯದೆ ಹಾಗೆಯೇ ಜೋಪಾನವಾಗಿಡಬೇಕು.

ಲೆಕ್ಕದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ನೋಟಿಸಿನ ಅವಧಿ ಮುಗಿದ ನಂತರದ ಬಾಡಿಗೆಯನ್ನು ಬಾಡಿಗೆಯೆಂದೇ ಸ್ವೀಕರಿಸಿದಲ್ಲಿ ನೋಟಿಸನ್ನು ಕೈಬಿಟ್ಟಂತೆ ಆಗಬಹುದು (113ನೇ ಪ್ರಕರಣ). ಬ್ಯಾಂಕ್ ಖಾತೆಗೆ ಹಣ ತಾನಾಗಿ ಜಮೆಯಾದರೆ, ಅದನ್ನು ಬಳಕೆಯ ಪರಿಹಾರವೆಂದು ಆಕ್ಷೇಪಣೆಯೊಡನೆ ಪಡೆಯಲಾಗಿದೆ ಎಂದು ಕೂಡಲೇ ಲಿಖಿತವಾಗಿ ತಿಳಿಸಬೇಕು. ಮುಂಗಡ ಹಣದಲ್ಲಿ ಬಾಕಿ ಕಳೆದ ಲೆಕ್ಕವನ್ನು ತಿಂಗಳುವಾರು ಬರೆದಿಡುವುದು ದಾವೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ದಾವೆ ಮತ್ತು ಸಾಮಾನು

ನೋಟಿಸಿಗೆ ಉತ್ತರವಿಲ್ಲದಿದ್ದಲ್ಲಿ ಸ್ವಾಧೀನಕ್ಕಾಗಿ ದಾವೆ ಹೂಡಬೇಕು. ಬೆಂಗಳೂರು ನಗರದಲ್ಲಿ ಇಂತಹ ದಾವೆಗಳು ಲಘು ವ್ಯವಹಾರಗಳ ನ್ಯಾಯಾಲಯದ ಮುಂದೆ ಬರುತ್ತವೆ. ಸಮನ್ಸ್ ತಲುಪಿಸಲಾಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮದಂತೆ ದಿನಪತ್ರಿಕೆಯಲ್ಲಿ ಪ್ರಕಟಣೆಗೆ ನ್ಯಾಯಾಲಯ ಅನುಮತಿ ನೀಡಬಹುದು. ಬಾಡಿಗೆದಾರರು ಹಾಜರಾಗದಿದ್ದಲ್ಲಿ ಏಕಪಕ್ಷೀಯ ಡಿಕ್ರಿಯಾಗುತ್ತದೆ. ತರುವಾಯ ನ್ಯಾಯಾಲಯದ ಅಮೀನರು ಬೀಗ ತೆಗೆಸಿ ಸ್ವಾಧೀನ ಕೊಡಿಸುತ್ತಾರೆ. ಒಳಗಿರುವ ಸಾಮಾನುಗಳ ಪಟ್ಟಿಯನ್ನು ಅವರ ಮುಂದೆಯೇ ಮಾಡಿಸಿಕೊಳ್ಳಬೇಕು. ಬಾಕಿಗಾಗಿ ಸಾಮಾನುಗಳನ್ನು ಮಾರುವ ಅಧಿಕಾರ ಮಾಲೀಕರಿಗೆ ತಾವಾಗಿಯೇ ಬರುವುದಿಲ್ಲ.

ಬಾಡಿಗೆದಾರರು ಸಂಪರ್ಕಕ್ಕೆ ಸಿಕ್ಕಿ ಮನೆ ಬಿಡಲು ಒಪ್ಪಿದಲ್ಲಿ ಇಷ್ಟೆಲ್ಲ ಬೇಕಾಗುವುದಿಲ್ಲ. ಮನೆ ಬಿಟ್ಟುಕೊಟ್ಟ ದಿನಾಂಕ, ಕೀಲಿ ಹಿಂತಿರುಗಿಸಿದ ವಿವರ ಹಾಗೂ ಉಳಿದ ಸಾಮಾನುಗಳ ಬಗ್ಗೆ ಸಹಿ ಮಾಡಿದ ಪತ್ರ ಪಡೆದು ಮುಂಗಡದ ಲೆಕ್ಕ ಚುಕ್ತಾ ಮಾಡಿದರೆ ಸಾಕು. ಬಾಡಿಗೆದಾರರು ಮೃತಪಟ್ಟಿರುವುದು ತಿಳಿದುಬಂದಲ್ಲಿ ಇದೇ ವ್ಯವಹಾರವನ್ನು ವಾರಸುದಾರರೊಡನೆ ನಡೆಸಬೇಕು.

ವಕೀಲರ ಶುಲ್ಕ ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಸಹಾಯವಾಣಿ ಸಂಖ್ಯೆ 15100. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಅರ್ಜಿಯೊಂದಿಗೆ ಬಾಡಿಗೆ ಕರಾರು ಪತ್ರ, ನೋಟಿಸಿನ ಪ್ರತಿ, ಅಂಚೆ ರಸೀದಿ ಹಾಗೂ ಬಾಡಿಗೆ ಲೆಕ್ಕವನ್ನು ಲಗತ್ತಿಸುವುದು.